ಅಮ್ಮನ ‘ಮುಂಚೆ’ ಫೋಟೋ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಈಗ ಅದು ಅವನ ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಬೀದಿಯವರೆಲ್ಲ ಅವನನ್ನು ‘ಮುಂಚೆ-ಆಮೇಲೆ’ ಎಂದೇ ಕರೆಯುತ್ತಾರೆ. ಮೂಲೆಯ ಔಷಧಿ ಅಂಗಡಿಯಲ್ಲಿ ಕೇಳಿ, ಹಾಲಿನವನನ್ನು ಕೇಳಿ, ಮುಂಚೆ-ಆಮೇಲೆ ಅಂಗಡಿಯಾ, ನೇರ ಹೋಗಿ ಎಡಕ್ಕೆ ತಿರುಗಿ ಎನ್ನುತ್ತಾರೆ. ಹೇಳುವಾಗ ಮುಸಿಮುಸಿ ನಗುತ್ತಾರೆ. ಆ ನಗು ಅವನ ಕಣ್ಣಿಗೆ ಬೀಳುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅದನ್ನೇ ದಪ್ಪ ಅಕ್ಷರದಲ್ಲಿ ಬರೆಸಿಕೊಂಡಿದ್ದಾನೆ. ಜನ ಆಡಿಕೊಳ್ಳುವುದನ್ನು ಬಿರುದು ಎಂದು ತಿಳಿದುಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ಅವನಲ್ಲಿ ಧಾರಾಳವಾಗಿದೆ.

ಕಸುಬು ಹಳೆಯ ಕುರ್ಚಿ, ಮೇಜು, ಬೀರುಗಳ ರಿಪೇರಿ. ಅಪ್ಪನಿಂದ ಬಂದದ್ದು. ಮುಂದೆ ಶಟರಿನ ಅಂಗಡಿ, ಅದರ ತುಂಬ ವಾರ್ನಿಶ್ ವಾಸನೆ ಮತ್ತು ಮರದ ಪುಡಿ. ಅಂಗಡಿಯ ಹಿಂದೆ ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗೆ ಒರಗಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಓಣಿ, ಆಮೇಲೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಅಮ್ಮನ ಕೋಣೆ. ಮಹಡಿಯ ಮೇಲೆ ಅವನೂ ಅವನ ಹೆಂಡತಿಯೂ ಇದ್ದಾರೆ. ನಾನಿರುವುದು ಅದೇ ಬೀದಿಯ ಇನ್ನೊಂದು ಕೊನೆಯಲ್ಲಿ, ಎರಡು ಕೋಣೆಯ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇದೆ. ಹರಿದದ್ದನ್ನು ಹೊಲಿಯುತ್ತೇನೆ, ಉದ್ದವಾದದ್ದನ್ನು ಮೊಟಕು ಮಾಡುತ್ತೇನೆ, ಕಿತ್ತುಹೋದ ಜಿಪ್ ಬದಲಾಯಿಸುತ್ತೇನೆ. ಹೊಲಿದ ಪ್ಯಾಂಟಿನ ಫೋಟೋ ಇದುವರೆಗೆ ತೆಗೆದಿಲ್ಲ. ಗಿರಾಕಿಗಳು ಬರುವುದೇನೂ ನಿಂತಿಲ್ಲ.

ತಮ್ಮನ ಕೈ ಕೆಟ್ಟದ್ದಲ್ಲ, ಸುಳ್ಳೇಕೆ ಹೇಳಲಿ. ಬೆತ್ತ ಹೆಣೆಯಲು ಕೂತರೆ ಅಪ್ಪನೇ ಕೂತ ಹಾಗೆ ಕಾಣುತ್ತಿತ್ತು. ಸಡಿಲವಾದ ಕೀಲು ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ, ಹಗ್ಗ ಬಿಗಿದು, ಒಣಗುವ ತನಕ ಅದರ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಕೆಟ್ಟದ್ದು ಕೈಯಲ್ಲ, ಆ ಕೈಗೆ ಬಂದ ಫೋನು.

ಶುರುವಾದದ್ದು ಒಬ್ಬ ಹುಡುಗಿಯಿಂದ. ಅಜ್ಜಿಯ ತೂಗುಕುರ್ಚಿಯೊಂದನ್ನು ರಿಪೇರಿಗೆ ಕೊಟ್ಟಿದ್ದಳು. ತಗೊಂಡು ಹೋದವಳು ಮುರಿದಿದ್ದಾಗಿನ ಫೋಟೋವನ್ನೂ ರಿಪೇರಿಯಾದ ಮೇಲಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟು ತನ್ನ ಬ್ಲಾಗಿನಲ್ಲಿ ಹಾಕಿದಳು. ನೋಡಿದವರು ಹೊಗಳಿದರು, ಇನ್ನೂ ಕೆಲವರಿಗೆ ಕಳಿಸಿದರು. ಅದೇ ವಾರ ತಮ್ಮ ಹೊಸ ಫೋನ್ ತಂದ. ಅಂಗಡಿಯ ಹೆಸರಲ್ಲಿ ಒಂದು ಪೇಜ್ ಮಾಡಿದ. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿದ, ಮೂಲೆಯಲ್ಲಿ ದೊಡ್ಡ ಲೈಟ್ ನಿಲ್ಲಿಸಿದ. ಅಂಗಡಿಗೆ ಬಂದ ಪ್ರತಿಯೊಂದು ಕುರ್ಚಿಯೂ ಮದುವೆಗೆ ಹೊರಟ ಹಾಗೆ ಆ ಬೆಡ್‌ಶೀಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಮನೆಗೆ ಹೋಗಬೇಕಾಯಿತು.

ಫೋಟೋ ಸಾಲದು ಎಂದು ಅದರ ಕೆಳಗೆ ಬರೆಯಲೂ ಶುರು ಮಾಡಿದ. ಶಾಲೆಯಲ್ಲಿ ರಜಾಚೀಟಿ ಬರೆಯಲು ಬಾರದೆ ನನ್ನ ಕೈಯಲ್ಲಿ ಬರೆಸಿಕೊಂಡು ಹೋಗುತ್ತಿದ್ದವನು ಇವನು. ಈಗ ತೂಗುಕುರ್ಚಿಯ ಕೆಳಗೆ ‘ಇದು ಬರೀ ಕುರ್ಚಿ ಅಲ್ಲ, ಇದೊಂದು ಕಥೆ’ ಎಂದು ಬರೆದ. ಮುಂದಿನ ವಾರ ಊಟದ ಮೇಜಿನ ಕೆಳಗೆ ‘ಇದು ಬರೀ ಮೇಜು ಅಲ್ಲ, ಇದೊಂದು ಬದುಕು’ ಎಂದು ಬಂತು. ಯಾರದೋ ಮನೆಯ ಚಪ್ಪಲಿ ಸ್ಟ್ಯಾಂಡ್ ‘ಇದೊಂದು ಪಯಣ’ ಆಯಿತು. ಓದಿದವರು ಕೆಳಗೆ ಹೃದಯದ ಚಿತ್ರ ಹಾಕಿದರು. ಚಪ್ಪಲಿ ಸ್ಟ್ಯಾಂಡಿಗೆ ಹೃದಯ ಹಾಕುವವರು ಎಂಥವರಿರಬಹುದು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅವರಿಗೂ ಮನೆ ಮಠ, ಕೆಲಸ ಕಾರ್ಯ ಇರುತ್ತದಂತೆ.

ಇಷ್ಟೇ ಆಗಿದ್ದರೆ ನಗಾಡಿ ಬಿಡಬಹುದಿತ್ತು. ಆದರೆ ಎಲ್ಲ ಸಾಮಾನೂ ಒಂದೇ ರೀತಿ ಕೆಟ್ಟು ಬರುವುದಿಲ್ಲವಲ್ಲ. ಕೆಲವಕ್ಕೆ ಒಂದು ಕೈ ಪಾಲಿಶ್ ಸಾಕು. ಅಂಥವಕ್ಕೆ ‘ಮುಂಚೆ’ಗೂ ‘ಆಮೇಲೆ’ಗೂ ವ್ಯತ್ಯಾಸ ಕಾಣುತ್ತಿರಲಿಲ್ಲ, ಜನ ಹೃದಯ ಹಾಕುತ್ತಿರಲಿಲ್ಲ. ತಮ್ಮ ಅದಕ್ಕೊಂದು ದಾರಿ ಹುಡುಕಿದ. ಒಂದು ದಿನ ನಾನು ಅಂಗಡಿಗೆ ಹೋದಾಗ ಗಟ್ಟಿಮುಟ್ಟಾದ ಒಂದು ಬರೆಯುವ ಮೇಜಿನ ಮೇಲೆ ಇವನು ಬಗ್ಗಿಕೊಂಡು ತಣ್ಣಗಿನ ಟೀ ಚೆಲ್ಲುತ್ತಿದ್ದ. ಮೇಲೆ ಮರದ ಪುಡಿ ಉದುರಿಸಿ ಅಂಗೈಯಿಂದ ತಿಕ್ಕಿದ. ಡ್ರಾಯರಿನ ಹಿಡಿಯನ್ನು ಸ್ಕ್ರೂ ಬಿಚ್ಚಿ ಒಂದೇ ಕಡೆ ಜೋತು ಬೀಳುವ ಹಾಗೆ ಮಾಡಿದ. ಏನೋ ಇದು ಎಂದು ಕೇಳಿದ್ದಕ್ಕೆ, ‘ಮುಂಚೆ’ ತಯಾರು ಮಾಡ್ತಿದೀನಿ ಎಂದ. ಕೆಟ್ಟದ್ದನ್ನು ಸರಿ ಮಾಡುವುದು ಕಸುಬು. ಸರಿಯಿದ್ದದ್ದನ್ನು ಕೆಡಿಸಿ, ಮತ್ತೆ ಸರಿ ಮಾಡಿ, ಬೆನ್ನು ತಟ್ಟಿಸಿಕೊಳ್ಳುವುದಕ್ಕೆ ಏನೆನ್ನಬೇಕೋ ಅಪ್ಪ ಇದ್ದಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.

ಬ್ಯಾಂಕಿನಿಂದ ನಿವೃತ್ತರಾದ ಕ್ಯಾಷಿಯರ್ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಮೆಲುಮಾತಿನ ಮನುಷ್ಯ. ಅವರ ಆರಾಮಕುರ್ಚಿಯ ಬೆತ್ತ ಜೋಲು ಬಿದ್ದಿತ್ತು ಅಷ್ಟೆ. ಪೇಜಿನಲ್ಲಿ ನೋಡಿದರೆ ಆ ಕುರ್ಚಿಗೆ ಒಂದು ಕಾಲಿಲ್ಲ, ಕೈಯ ಮೇಲೆ ಟೀ ಕಲೆ, ಬೆನ್ನಿನ ಮೂಲೆಯಲ್ಲಿ ಜೇಡರ ಬಲೆ. ಬಲೆಯನ್ನು ನನ್ನ ತಮ್ಮ ಹಿತ್ತಲಿನ ಬಚ್ಚಲಿಂದ ಕಡ್ಡಿಯಲ್ಲಿ ಸುತ್ತಿ ತಂದು ಅಂಟಿಸಿದ್ದ. ಕ್ಯಾಷಿಯರ್ ಅಂಗಡಿಗೆ ಬಂದು ಬಹಳ ಸಂಕೋಚದಿಂದ ನಿಂತರು. ಅವರ ಹೆಂಡತಿ ದಿನಾ ಬೆಳಿಗ್ಗೆ ಮನೆಯ ಒಂದೊಂದು ಸಾಮಾನನ್ನೂ ಒರೆಸುವವರು. ಊರಿಗೆಲ್ಲ ನಮ್ಮ ಮನೆಯಲ್ಲಿ ಜೇಡ ಸಾಕಿದ್ದೀವಿ ಅಂತ ಗೊತ್ತಾಯ್ತು ಎಂದು ಆಕೆ ಗಂಡನ ಹತ್ತಿರ ಮಾತು ಬಿಟ್ಟಿದ್ದರಂತೆ. ತಮ್ಮ ಅವರಿಗೆ ಸ್ಟೂಲು ಕೊಟ್ಟು ಕೂರಿಸಿ, ಪಾಠ ಹೇಳುವವನ ಹಾಗೆ ಹೇಳಿದ.

“ಸಾರ್, ಮುಂಚೆ ಎಷ್ಟು ಕೆಟ್ಟದಾಗಿದ್ರೆ ಆಮೇಲೆ ಅಷ್ಟು ಚೆನ್ನಾಗಿ ಕಾಣುತ್ತೆ. ಇದು ನಿಮಗೆ ಅರ್ಥ ಆಗಲ್ಲ.”

ಕ್ಯಾಷಿಯರ್ ಅರ್ಥವಾಯಿತು ಎನ್ನುವ ಹಾಗೆ ತಲೆಯಾಡಿಸಿ ಕುರ್ಚಿ ಹೊರಿಸಿಕೊಂಡು ಹೋದರು. ಅವರ ಮನೆಯ ಒಂದು ಸ್ಟೂಲು ಕೂಡ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅದನ್ನು ತಮ್ಮ ಗಮನಿಸಲೂ ಇಲ್ಲ. ಯಾವುದೋ ಊರಿನ ಯಾರೋ ಬಂದು ಹೊಗಳುತ್ತಿರುವಾಗ ಪಕ್ಕದ ಮನೆಯವರು ಯಾವ ಲೆಕ್ಕ.

ಈಗ ಅಮ್ಮನ ವಿಷಯ ಹೇಳಬೇಕು.

ಅಮ್ಮ ಕೋರ್ಟಿನ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ನಿವೃತ್ತಿಯಾಗುವವರೆಗೆ ಒಂದೇ ಕಚೇರಿ, ಒಂದೇ ಕಿಟಕಿ ಪಕ್ಕದ ಮೇಜು. ಅವಳು ಟೈಪ್ ಮಾಡಿದ ಹಾಳೆಯಲ್ಲಿ ಅಳಿಸಿದ ಗುರುತು ಇರುತ್ತಿರಲಿಲ್ಲ. ತಪ್ಪಾದರೆ ಹಾಳೆ ಕಿತ್ತು ಹೊಸದು ಹಾಕುತ್ತಿದ್ದಳು. ತನ್ನ ವಿಷಯದಲ್ಲೂ ಹಾಗೇ. ಸಿದ್ಧವಾಗದೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದರೂ ತಲೆ ಬಾಚಿ, ತುರುಬು ಕಟ್ಟಿ, ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಬಾಗಿಲು ತೆಗೆಯುವಳು. ಹಾಲಿನವನು ಅಷ್ಟು ಹೊತ್ತು ಕಾಯುವುದನ್ನು ಕಲಿತುಕೊಂಡಿದ್ದ. ಹಲ್ಲೆಲ್ಲ ತೆಗೆಸಿ ಹಲ್ಲುಸೆಟ್ ಹಾಕಿಸಿಕೊಂಡ ಮೇಲೆ ಅವಳ ಬಾಯಿ ಬರಿದಾಗಿ ಹೇಗೆ ಕಾಣುತ್ತದೆ ಎಂಬುದನ್ನು ಅಪ್ಪ ಕೂಡ ನೋಡಲಿಲ್ಲ. ನೋಡದೆಯೇ ತೀರಿಕೊಂಡರು. ಇದನ್ನು ಜಂಭ ಅನ್ನುವವರು ಅನ್ನಲಿ. ಅವಳ ಹತ್ತಿರ ತನ್ನದು ಅಂತ ಇದ್ದದ್ದು ಇದೊಂದೇ.

ಸ್ಟ್ರೋಕ್ ಹೊಡೆದು ಅಮ್ಮನ ಬಲಗೈ ಬಿದ್ದುಹೋಯಿತು. ಮಾತು ತಡವರಿಸಿ, ಒಂದೊಂದೇ ಪದವಾಗಿ ಬರತೊಡಗಿತು. ಬುದ್ಧಿ ಮಾತ್ರ ಮೊದಲಿನ ಹಾಗೇ ಚುರುಕು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ನನ್ನನ್ನು ಹತ್ತಿರ ಕರೆದು ಕೇಳಿದ್ದು ಒಂದೇ: ಬೆಳಿಗ್ಗೆ ಬಂದು ನನ್ನನ್ನು ಸಿದ್ಧ ಮಾಡು, ಅಲ್ಲಿಯವರೆಗೆ ಯಾರೂ ಒಳಗೆ ಬರಬಾರದು. ನಾನು ದಿನಾ ಬೆಳಕು ಹರಿಯುವಾಗ ಹೋಗುತ್ತಿದ್ದೆ. ಬಾಗಿಲು ಹಾಕಿ, ಮೊದಲು ಹಲ್ಲುಸೆಟ್ ತೊಳೆದು ಕೊಡುತ್ತಿದ್ದೆ, ಆಮೇಲೆ ಮುಖ, ಆಮೇಲೆ ತಲೆ. ಹಲ್ಲು ಕೊಡುವಾಗ ನಾನು ಗೋಡೆಯ ಕಡೆ ತಿರುಗಿಕೊಳ್ಳಬೇಕಿತ್ತು. ಎಲ್ಲ ಮುಗಿದ ಮೇಲೆ ಅವಳು ಹೂಂ ಎನ್ನುವಳು, ನಾನು ಬಾಗಿಲು ತೆಗೆಯುವೆ. ತಮ್ಮನ ಹೆಂಡತಿ ಟೀ ತರುವಳು. ಆ ಹುಡುಗಿ ಬೇಕರಿಯೊಂದರಲ್ಲಿ ಬಿಲ್ ಹಾಕುವ ಕೆಲಸಕ್ಕೆ ಹೋಗುತ್ತಾಳೆ, ಹೊರಡುವ ಆತುರದಲ್ಲೂ ಅತ್ತೆ ಹೂಂ ಅನ್ನುವ ತನಕ ಟೀ ಹಿಡಿದು ಬಾಗಿಲ ಹೊರಗೇ ನಿಂತಿರುತ್ತಿದ್ದಳು.

ಒಂದು ದಿನ ತಮ್ಮ ನನ್ನ ಮನೆಗೆ ಬಂದು, ಅಕ್ಕ, ಇನ್ಮೇಲೆ ನೀನು ಬರಬೇಡ, ಅಮ್ಮನ್ನ ನಾನೇ ನೋಡ್ಕೋತೀನಿ, ಮಗ ಅಂತ ಇರೋದು ಯಾಕೆ ಎಂದ. ಇಷ್ಟು ವರ್ಷದಲ್ಲಿ ತನ್ನ ಟೀ ಲೋಟ ತಾನು ತೊಳೆಯದವನು. ನನಗೆ ಹೊಲಿಗೆಯ ಕೆಲಸ ತಲೆಯ ಮೇಲಿತ್ತು, ಇವನಿಗೂ ಬುದ್ಧಿ ಬಂತಲ್ಲ ಎಂದುಕೊಂಡೆ. ಸಂಜೆ ಹೋಗಿ ಅಮ್ಮನನ್ನು ನೋಡಿದರೆ ಹಲ್ಲಿದೆ, ತುರುಬಿದೆ. ತುರುಬು ಸ್ವಲ್ಪ ಒಂದು ಪಕ್ಕಕ್ಕೆ ಇತ್ತು. ಹೇಗೆ ನೋಡ್ಕೋತಾನೆ ಎಂದು ಕೇಳಿದರೆ ಅಮ್ಮ, “ತಡ ಮಾಡ್ತಾನೆ,” ಎಂದಷ್ಟೇ ಹೇಳಿದಳು. ಗಂಡಸು, ಅಭ್ಯಾಸವಿಲ್ಲ, ತಡವಾಗುತ್ತದೆ ಎಂದೆ.

ವಿಷಯ ಗೊತ್ತಾದದ್ದು ಲಂಗ ಸಡಿಲ ಮಾಡಿಸಲು ಬಂದ ಒಬ್ಬ ಗಿರಾಕಿಯಿಂದ. ಅಳತೆ ಕೊಡುತ್ತಾ ನಿಂತಿದ್ದವಳು, ನಿಮ್ಮ ತಮ್ಮ ದೇವರಂಥ ಮನುಷ್ಯ ಕಣ್ರೀ ಎಂದಳು. ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು, ನುಂಗದೆ ಉಳಿದದ್ದು ಪುಣ್ಯ. ಆಕೆ ಫೋನ್ ತೆಗೆದು ತೋರಿಸಿದಳು. ಎಡಗಡೆ ಅಮ್ಮ. ಹಲ್ಲಿಲ್ಲದ ಬಾಯಿ ಅರ್ಧ ತೆರೆದು ಒಳಕ್ಕೆ ಕುಸಿದಿದೆ, ಕೂದಲು ಕೆದರಿ ಮುಖದ ಮೇಲೆ ಬಿದ್ದಿದೆ, ನೈಟಿಯ ಒಂದು ಗುಂಡಿ ಬಿಚ್ಚಿದೆ. ಬಲಗಡೆಯೂ ಅಮ್ಮ, ಹಲ್ಲು ಹಾಕಿ, ತಲೆ ಬಾಚಿ, ಕಿಟಕಿಯ ಬೆಳಕಿನಲ್ಲಿ ಕೂತಿದ್ದಾಳೆ. ಎಡಗಡೆ ‘ಮುಂಚೆ’, ಬಲಗಡೆ ‘ಆಮೇಲೆ’. ಕೆಳಗೆ ‘ಅವಳು ನನ್ನನ್ನು ಬೆಳೆಸಿದಳು, ಈಗ ನನ್ನ ಸರದಿ’ ಎಂದು ಬರೆದಿದ್ದ. ಸಾವಿರಗಟ್ಟಲೆ ಹೃದಯ. ಗಿರಾಕಿಯ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಲಂಗವನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ.

ಅಂಗಡಿಯಲ್ಲಿ ತಮ್ಮ ಸ್ಯಾಂಡ್ ಪೇಪರ್ ಹಿಡಿದು ಕೂತಿದ್ದ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಇಲ್ಲಿ ಬರೆಯಲಾಗದ್ದನ್ನೂ ಅಂದೆ. ಅವನು ಕೈ ಒರೆಸಿಕೊಂಡು ಫೋನ್ ತೆಗೆದು, ಯಾರು ಯಾರು ಏನೇನು ಬರೆದಿದ್ದಾರೆ ನೋಡು ಎಂದು ಓದಲು ಶುರು ಮಾಡಿದ. ಒಬ್ಬರಿಗೆ ಅವರಮ್ಮ ನೆನಪಾದರಂತೆ. ಒಬ್ಬರು ಇಂಥ ಮಗ ಮನೆಗೊಬ್ಬ ಹುಟ್ಟಲಿ ಎಂದರಂತೆ. ಅಮ್ಮನಿಗೆ ಫೋನೇ ಇಲ್ಲ, ಅವಳಿಗೆ ಗೊತ್ತಾಗುವುದಿಲ್ಲ, ಗೊತ್ತಾಗದ ಮೇಲೆ ನೋವೆಲ್ಲಿಂದ ಎಂದು ನನಗೇ ಲೆಕ್ಕ ಒಪ್ಪಿಸಿದ. ಕೊನೆಗೆ, ನಿನಗೆ ಹೊಟ್ಟೆಕಿಚ್ಚು ಎಂದ. ಇಷ್ಟು ದಿನ ನೀನು ಬಾಚಿದೆ, ಯಾರು ನಿನಗೆ ಭೇಷ್ ಅಂದರು?

ಓಣಿಯಲ್ಲಿ ಅವನ ಹೆಂಡತಿ ಸಿಕ್ಕಳು. ಅವಳೇ ನನಗೆ ಪೂರ್ತಿ ಹೇಳಿದ್ದು. ಅಮ್ಮನ ಕೋಣೆಗೆ ಒಳ್ಳೆಯ ಬೆಳಕು ಬರುವುದು ಹೊತ್ತು ಏರಿದ ಮೇಲೆ. ಅಲ್ಲಿಯವರೆಗೆ ಫೋಟೋ ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದ ಅಮ್ಮ ಹಲ್ಲಿಲ್ಲದೆ, ತಲೆ ಕೆದರಿಕೊಂಡು, ಬಿಸಿಲು ಬರುವ ತನಕ ಹಾಗೇ ಕೂತಿರಬೇಕು. ಹಲ್ಲುಸೆಟ್ಟಿನ ಡಬ್ಬಿಯನ್ನು ಅವಳ ಕೈಗೆ ಸಿಗದ ಹಾಗೆ ಕಪಾಟಿನ ಮೇಲೆ ಇಡುತ್ತಿದ್ದ. ಒಂದು ದಿನ ಅಮ್ಮ ಎಡಗೈಯಿಂದ ತಾನೇ ಕೂದಲು ಸರಿ ಮಾಡಿಕೊಂಡದ್ದಕ್ಕೆ, ಫೋಟೋ ತೆಗೆಯುವ ಮೊದಲು ಅದನ್ನು ಮತ್ತೆ ಕೆದರಿದ್ದನಂತೆ.

“ಅತ್ತಿಗೆ, ನಾನೂ ಬೇಡ ಅಂದೆ. ನನ್ನ ಮಾತು ಯಾರು ಕೇಳ್ತಾರೆ,” ಎಂದು ಅವಳು ಅತ್ತಳು.

ಮೇಜಿನ ಮೇಲೆ ಟೀ ಚೆಲ್ಲುವುದೂ ಅಮ್ಮನ ಕೂದಲು ಕೆದರುವುದೂ ಅವನಿಗೆ ಒಂದೇ ಕೆಲಸವಾಗಿತ್ತು. ಮಾರನೆಯ ಬೆಳಿಗ್ಗೆ ಕತ್ತಲಿರುವಾಗಲೇ ಹೋಗಿ ಅಮ್ಮನ ಕೋಣೆಯ ಬಾಗಿಲು ಹಾಕಿ ಒಳಗಿಂದ ಚಿಲಕ ಜಡಿದೆ. ಅವನು ಬಂದು ಬಾಗಿಲು ಬಡಿದ, ಆಮೇಲೆ ಅಂಗಡಿಗೆ ಹೊರಟುಹೋದ. ಅಮ್ಮ ನನ್ನ ಮುಖ ನೋಡಿ, ಹಲ್ಲಿಗೆ ಕೈ ಚಾಚಿದಳು. ಮಗ ಫೋಟೋ ತೆಗೆಯುವುದು ಅವಳಿಗೆ ಗೊತ್ತಿತ್ತು. ಡಾಕ್ಟರಿಗೆ ತೋರಿಸಲು ಎಂದು ಅವನು ಹೇಳಿದ್ದ. ಅದನ್ನು ಅವಳು ನಂಬಿದ್ದಳು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಹೇಳುವ ಕೆಲಸವನ್ನು ಅಮ್ಮನ ಹಳೆಯ ಗೆಳತಿ ಮಾಡಿದಳು, ತಿಳಿಯದೆ. ಅವಳೂ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳೇ, ಅಮ್ಮನ ಪಕ್ಕದ ಮೇಜು. ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಅಮ್ಮ ಅಂದು ಬಹಳ ಚೆನ್ನಾಗಿ ಕಾಣಬೇಕೆಂದು ಹೂವಿನ ಅಂಚಿನ ಬಟ್ಟೆ ಹಾಕಿಸಿಕೊಂಡಿದ್ದಳು. ಗೆಳತಿ ಅವಳ ಕೈ ಹಿಡಿದು, ಈಗ ಎಷ್ಟೋ ವಾಸಿ ಕಣೇ, ಆ ಫೋಟೋದಲ್ಲಿ ನೋಡಿದಾಗ ನನಗೆ ತಡೆಯಲಾಗಲಿಲ್ಲ, ನಮ್ಮ ಹಳೇ ಆಫೀಸಿನವರೆಲ್ಲ ಅತ್ತುಬಿಟ್ಟರು ಎಂದಳು. ಯಾವ ಫೋಟೋ ಎಂದು ಅಮ್ಮ ಕೇಳಿದಳು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಗೆಳತಿ ಫೋನ್ ತೆಗೆದು ಅವಳ ಮುಂದೆ ಹಿಡಿದಾಗಿತ್ತು.

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಗೆಳತಿಗೆ ಟೀ ಕೊಡು ಎಂದಳು. ಗೆಳತಿ ಹೊರಡುವವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅವಳು ಹೋದ ಮೇಲೆ ಮಗನನ್ನು ಕರೆಸಿ, ಒಂದೊಂದೇ ಪದ ಜೋಡಿಸಿ, ಅದು ಯಾರಿಗೂ ಕಾಣಬಾರದು ಎಂದಳು. ಅವಳು ಮಗನನ್ನು ಏನಾದರೂ ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮ್ಮ ಅವಳ ಕಾಲ ಹತ್ತಿರ ಕೂತು, ಜನ ನಿನ್ನನ್ನು ಎಷ್ಟು ಹರಸುತ್ತಿದ್ದಾರೆ ಗೊತ್ತಾ ಎಂದು ಶುರು ಮಾಡಿದ. ಅಮ್ಮ ಮತ್ತೆ ಅದನ್ನೇ ಹೇಳಿದಳು. ಆಯ್ತಮ್ಮ ಎಂದು ಎದ್ದು ಹೋದ. ಸಂಜೆ ಬಂದು, ಅಳಿಸಿಬಿಟ್ಟೆ, ಎಲ್ಲವನ್ನೂ ಅಳಿಸಿದೆ ಎಂದ. ಅಮ್ಮ ಅವನ ತಲೆ ಸವರಿದಳು. ನನ್ನದು ಗುಂಡಿ ಒತ್ತುವ ಹಳೆಯ ಫೋನು, ಅಳಿಸಿದನೋ ಇಲ್ಲವೋ ನೋಡುವ ಹಾಗಿರಲಿಲ್ಲ. ಉಳಿದವನ್ನು ಅಳಿಸಿದ್ದನಂತೆ. ಆ ಮೊದಲಿನದು ಮಾತ್ರ ಪೇಜಿನ ನೆತ್ತಿಯ ಮೇಲೇ ಕೂತಿತ್ತು. ಅದರಿಂದಲೇ ಅವನಿಗೆ ಅಷ್ಟು ಜನ ಸಿಕ್ಕಿದ್ದು, ಅದನ್ನು ಹೇಗೆ ಅಳಿಸುತ್ತಾನೆ?

ಸ್ವಲ್ಪ ದಿನ ಕಳೆಯಿತು. ಒಂದು ಬೆಳಿಗ್ಗೆ ನಾನು ತಡವಾಗಿ ಹೋಗಿ ಅಮ್ಮನ ತಲೆ ಬಾಚುತ್ತಿದ್ದಾಗ ತಮ್ಮ ಬಾಗಿಲು ಬಡಿದ. ಅಮ್ಮ ಇನ್ನೂ ಹೂಂ ಎಂದಿರಲಿಲ್ಲ. ಚಿಲಕ ಸರಿಯಾಗಿ ಕೂತಿರಲಿಲ್ಲವೋ ಏನೋ, ತಳ್ಳಿಕೊಂಡು ಒಳಗೇ ಬಂದ. ಮುಖ ಕೆಂಪಗಾಗಿತ್ತು. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. ವಾರ್ನಿಶ್ ತರಲು ಹೋಗಿದ್ದನಂತೆ. ಬಸ್ ಸ್ಟಾಪಿನ ಎದುರು ಹೊಸದಾಗಿ ತೆರೆದ ಹಲ್ಲಿನ ಆಸ್ಪತ್ರೆಯವರು ಸ್ಟಾಪಿನಲ್ಲೇ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದಾರೆ. ಎಡಗಡೆ ಹಲ್ಲಿಲ್ಲದ ಅಮ್ಮ, ಬಲಗಡೆ ಹಲ್ಲಿರುವ ಅಮ್ಮ, ಕೆಳಗೆ ‘ಕಳೆದುಹೋದ ನಗು ಮತ್ತೆ ನಿಮ್ಮದು’. ಇವನು ಅದನ್ನೂ ಫೋಟೋ ತೆಗೆದುಕೊಂಡು ಬಂದಿದ್ದ.

“ಕಳ್ಳರು. ನನ್ನ ಫೋಟೋ ಕದ್ದಿದಾರೆ. ಮೂಲೇಲಿ ನನ್ನ ಅಂಗಡಿ ಹೆಸರಿತ್ತು, ಅದನ್ನೂ ಕತ್ತರಿಸಿ ಹಾಕಿದಾರೆ. ಒಂದು ಮಾತು ಕೇಳಬೇಡವಾ?”

ಅಮ್ಮ ಎಡಗೈ ಚಾಚಿದಳು. ಅವನು ಫೋನ್ ಕೊಟ್ಟ. ಸಿಟ್ಟಿನಲ್ಲಿ ಅವನಿಗೆ ತಾನು ಏನು ಕೊಡುತ್ತಿದ್ದೇನೆ ಎಂಬ ಪರಿವೆಯೇ ಇರಲಿಲ್ಲ. ಫೋಟೋದಲ್ಲಿ ಫ್ಲೆಕ್ಸಿನ ಕೆಳಗೆ ಬಸ್ಸಿಗೆ ಕಾಯುವವರು ಸಾಲಾಗಿ ನಿಂತಿದ್ದರು. ಒಬ್ಬ ಹೆಂಗಸು ತಲೆಯೆತ್ತಿ ನೋಡುತ್ತಿದ್ದಳು.

“ಅಳಿಸಿದೆ ಅಂದಿದ್ದೆ,” ಎಂದಳು ಅಮ್ಮ.

“ಅದು ಬೇರೆ ವಿಷಯ ಅಮ್ಮ. ಇವರು ಕೇಳದೆ ತಗೊಂಡಿದಾರಲ್ಲ, ಅದಕ್ಕೇನ್ ಹೇಳ್ತೀಯ?”

ಅಮ್ಮ ಅವನನ್ನೇ ನೋಡಿದಳು. ಪದಗಳಿಗಾಗಿ ತಡಕಾಡುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಆದರೆ ಮಾತು ಸ್ಪಷ್ಟವಾಗಿ ಬಂತು.

“ಯಾರನ್ನ ಕೇಳಬೇಕಿತ್ತು?”

“ನನ್ನನ್ನ,” ಎಂದ ತಮ್ಮ, ತಕ್ಷಣ. ಎದೆ ಮುಟ್ಟಿಕೊಂಡು ಹೇಳಿದ.

ಬಾಚಣಿಗೆ ಹಿಡಿದ ನನ್ನ ಕೈ ಹಾಗೇ ನಿಂತಿತು. ಇನ್ನೇನು ಅವನಿಗೆ ಹೊಳೆಯುತ್ತದೆ, ಇನ್ನೇನು ಮುಖ ಬಾಡುತ್ತದೆ ಎಂದು ಕಾದೆ. ಹೊಳೆಯಲಿಲ್ಲ. ಫೋನ್ ತಗೊಂಡು, ಇವತ್ತು ಅವರನ್ನು ಬಿಡುವುದಿಲ್ಲ ಎಂದು ದಡದಡನೆ ಹೊರಟುಹೋದ. ಅಮ್ಮ ಉಳಿದ ತಲೆ ಬಾಚಿಸಿಕೊಂಡಳು. ಟೀ ಕುಡಿದಳು. ಬಾಗಿಲ ಕಡೆಗೇ ನೋಡುತ್ತಾ ಕೂತಳು. ಅವನು ವಾಪಸು ಬರುವುದನ್ನೇ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಫ್ಲೆಕ್ಸ್ ಕಿತ್ತುಕೊಂಡು ಬರುತ್ತಾನೆ ಎಂಬ ಆಸೆ ಅವಳಿಗೆ ಇನ್ನೂ ಇತ್ತು. ಹೆತ್ತವಳಲ್ಲವೇ.

ಮಧ್ಯಾಹ್ನದ ಹೊತ್ತಿಗೆ ಬಂದ. ಮುಖದಲ್ಲಿ ಗೆಲುವು. ಆಸ್ಪತ್ರೆಯವರು ಕ್ಷಮೆ ಕೇಳಿದರಂತೆ, ಒಳಗೆ ಕರೆದು ಕಾಫಿ ಕೊಟ್ಟರಂತೆ. ನಾಳೆಯೇ ಫ್ಲೆಕ್ಸಿನ ಕೆಳಗೆ ‘ಚಿತ್ರ ಕೃಪೆ: ಮುಂಚೆ-ಆಮೇಲೆ’ ಎಂದು ಅಂಗಡಿಯ ಹೆಸರು, ಫೋನ್ ನಂಬರ್ ಎರಡನ್ನೂ ಸೇರಿಸುತ್ತಾರಂತೆ. ನ್ಯಾಯ ಸಿಕ್ಕಿತು ಎಂದ. ಅವನು ಆ ಮಾತನ್ನೇ ಬಳಸಿದ.

ಅಮ್ಮ ನನ್ನ ಕಡೆ ತಿರುಗಿ, ನನ್ನ ಬಟ್ಟೆ ಕಟ್ಟು, ನಿನ್ನ ಮನೆಗೆ ಹೋಗೋಣ ಎಂದಳು. ಯಾಕಮ್ಮ, ಏನಾಯ್ತಮ್ಮ ಎಂದು ತಮ್ಮ ಹಿಂದೆ ಮುಂದೆ ಸುಳಿದಾಡಿದ. ಅವಳು ಅವನ ಜೊತೆ ಜಗಳವಾಡಲಿಲ್ಲ. ನಾನು ಫೋನ್ ಮಾಡಿದ್ದಕ್ಕೆ ಅವನ ಹೆಂಡತಿ ಬೇಕರಿಯಿಂದ ಓಡಿಬಂದು ಅತ್ತೆಯ ಹಾಸಿಗೆ ಸುತ್ತಿ, ಔಷಧಿ ತುಂಬಿ, ಆಟೋ ತಂದಳು. ಅಮ್ಮನನ್ನು ನನ್ನ ಕೋಣೆಯಲ್ಲಿ ಕೂರಿಸಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಎತ್ತಿಕೊಂಡು ನಾನು ಬಸ್ ಸ್ಟಾಪಿಗೆ ಹೋದೆ. ಹಾಡಹಗಲು, ಬಸ್ಸಿಗೆ ನಿಂತವರೆಲ್ಲ ನೋಡುತ್ತಿರುವಾಗಲೇ ಅಲ್ಲಿನ ಬೆಂಚು ಹತ್ತಿ ಫ್ಲೆಕ್ಸಿಗೆ ಕತ್ತರಿ ಹಾಕಿದೆ. ಆಸ್ಪತ್ರೆಯ ಹುಡುಗಿ ಹೊರಗೆ ಬಂದು ಏನ್ರೀ ಮಾಡ್ತಿದೀರ ಎಂದಳು. ಇದು ನಮ್ಮಮ್ಮ, ತಗೊಂಡು ಹೋಗ್ತಿದೀನಿ ಎಂದೆ. ಫ್ಲೆಕ್ಸ್ ಕತ್ತರಿಸುವುದು ಬಟ್ಟೆಯಷ್ಟು ಸುಲಭವಲ್ಲ, ಕತ್ತರಿಯ ಮೊನೆ ಹಾಳಾಯಿತು. ಅಷ್ಟು ಹೊತ್ತು ನನ್ನನ್ನು ಯಾರೂ ತಡೆಯಲಿಲ್ಲ. ಇಬ್ಬರು ಮಾತ್ರ ಫೋನ್ ತೆಗೆದು ಫೋಟೋ ಹೊಡೆದುಕೊಂಡರು.

ತಮ್ಮ ಅಮ್ಮನಿಲ್ಲದ ಕೋಣೆಯನ್ನು ಎರಡು ದಿನ ನೋಡಿದ. ಮೂರನೆಯ ದಿನ ಖಾಲಿ ಮಂಚದ ಫೋಟೋ ತೆಗೆದು ‘ಇದು ಬರೀ ಮಂಚ ಅಲ್ಲ’ ಎಂದು ಬರೆದು ಪೇಜಿಗೆ ಹಾಕಿದ. ನೋಡಿದವರು ಅಮ್ಮ ಸತ್ತಳು ಎಂದುಕೊಂಡರು. ಆತ್ಮಕ್ಕೆ ಶಾಂತಿ ಸಿಗಲಿ ಎಂದು ಊರೂರಿಂದ ಬರೆದರು. ಹಾಗಲ್ಲ, ಅಕ್ಕನ ಮನೆಗೆ ಹೋಗಿದ್ದಾಳೆ ಎಂದು ಹೇಳಲು ಒಂದು ನಿಮಿಷ ಸಾಕಾಗಿತ್ತು. ಆದರೆ ಅದುವರೆಗೆ ಯಾವುದಕ್ಕೂ ಬರದಷ್ಟು ಜನ ಬಂದಿದ್ದರು, ಇವನಿಗೆ ಕೈ ಬರಲಿಲ್ಲ. ಕೋರ್ಟಿನ ಗೆಳತಿ ಅಳುತ್ತಾ ನನ್ನ ಮನೆಗೆ ಬಂದಾಗ ಅಮ್ಮ ಕುರ್ಚಿಯಲ್ಲಿ ಕೂತು ಎಡಗೈಯಲ್ಲೇ ಬಟಾಣಿ ಬಿಡಿಸುತ್ತಿದ್ದಳು. ಗೆಳತಿ ಬಾಗಿಲಲ್ಲೇ ಕುಸಿದು ಕೂತಳು. ಅವಳಿಗೆ ನೀರು ಕುಡಿಸಬೇಕಾಯಿತು.

ಅಂದೇ ತಮ್ಮನ ಹೆಂಡತಿ, ಗಂಡ ಸ್ನಾನಕ್ಕೆ ಹೋದಾಗ, ಫೋನ್ ತೆಗೆದು ಅಮ್ಮನ ಫೋಟೋವನ್ನೂ ಮಂಚದ ಫೋಟೋವನ್ನೂ ಅಳಿಸಿದಳು. ಯಾರೋ ದೂರು ಕೊಟ್ಟಿದ್ದಕ್ಕೆ ಕಂಪನಿಯವರೇ ತೆಗೆದುಹಾಕಿದ್ದಾರೆ ಎಂದು ಅವನು ತಿಳಿದುಕೊಂಡಿದ್ದಾನೆ. ಸತ್ಯಕ್ಕೆ ಕಾಲವಿಲ್ಲ ಎಂದು ಅದರ ಬಗ್ಗೆಯೂ ಉದ್ದಕ್ಕೆ ಬರೆದನಂತೆ. ಈಗ ಮತ್ತೆ ಕುರ್ಚಿ ಮೇಜುಗಳಿಗೆ ಟೀ ಚೆಲ್ಲುತ್ತಾ ಕೂತಿದ್ದಾನೆ.

ನನ್ನ ಮನೆಯಲ್ಲಿ ಅಮ್ಮ ಬದಲಾಗಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಹಲ್ಲು ಕೇಳುವುದಿಲ್ಲ. ಹಲ್ಲಿಲ್ಲದ ಬಾಯಲ್ಲೇ ಬನ್ನನ್ನು ಟೀಯಲ್ಲಿ ಅದ್ದಿಕೊಂಡು, ನನ್ನೆದುರು ಕೂತು ತಿನ್ನುತ್ತಾಳೆ. ನಾನು ಗೋಡೆಯ ಕಡೆ ತಿರುಗಬೇಕಾಗಿಲ್ಲ. ಮೊನ್ನೆ ಬನ್ನಿನ ಚೂರು ಗಲ್ಲಕ್ಕೆ ಅಂಟಿಕೊಂಡದ್ದನ್ನು ನಾನು ತೋರಿಸಿದಾಗ ಬಾಯಿ ತೆರೆದು ನಕ್ಕಳು. ಸೊಸೆ ಬಂದಾಗಲೂ ಹಾಗೇ ಕೂತಿರುತ್ತಾಳೆ, ತಲೆಯನ್ನು ಅವಳ ಕೈಯಲ್ಲಿ ಬಾಚಿಸಿಕೊಳ್ಳುತ್ತಾಳೆ. ಗಿರಾಕಿಗಳು ಬರುವ ಹೊತ್ತಾದರೆ, ಗೆಳತಿ ಬರುತ್ತಾಳೆಂದರೆ ಮಾತ್ರ ಹಲ್ಲು, ತುರುಬು, ಒಳ್ಳೆಯ ಬಟ್ಟೆ.

ಭಾನುವಾರ ತಮ್ಮ ಬರುತ್ತಾನೆ. ಬಾಗಿಲಲ್ಲೇ ಫೋನನ್ನು ಮಿಷನ್ನಿನ ಮೇಲೆ ಇಟ್ಟು ಒಳಗೆ ಹೋಗಬೇಕು, ಅದು ನನ್ನ ಕಾನೂನು. ಅವನು ಬರುವ ದಿನ ಅಮ್ಮ ಬೇಗ ಎದ್ದು ನನ್ನನ್ನು ಅವಸರ ಮಾಡುತ್ತಾಳೆ. ಹಲ್ಲು ಹಾಕಿಕೊಂಡು, ತುರುಬು ಬಿಗಿಸಿಕೊಂಡು, ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ಅವನು ಕೇಳಿದ್ದಕ್ಕೆಲ್ಲ ಮೆಲ್ಲಗೆ, ಮರ್ಯಾದೆಯಿಂದ ಉತ್ತರ ಕೊಡುತ್ತಾಳೆ. ಟೀ ಕೊಡಿಸುತ್ತಾಳೆ. ಅವನು ಎದ್ದರೆ ಇನ್ನೂ ಸ್ವಲ್ಪ ಕೂರು ಎನ್ನುವುದಿಲ್ಲ.

ಹೋದ ಭಾನುವಾರ ಹೊರಡುವಾಗ ಅವನು ಬಾಗಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದ. ಕಣ್ಣು ಒದ್ದೆಯಾಗಿತ್ತು, ಸಂತೋಷಕ್ಕೆ.

“ನೋಡಿದ್ಯಾ ಅಕ್ಕ, ನಾನು ಬರ್ತೀನಿ ಅಂದ್ರೆ ಅಮ್ಮ ಎಷ್ಟು ಚೆನ್ನಾಗಿ ರೆಡಿಯಾಗಿ ಕೂತಿರ್ತಾಳೆ.”

ಹೌದಪ್ಪ ಎಂದು ಅವನ ಫೋನನ್ನು ಅವನ ಕೈಗೆ ಕೊಟ್ಟೆ. ಒಳಗಿನಿಂದ ಅಮ್ಮ, ಅವನು ಹೋದನಾ, ಹಲ್ಲಿನ ಡಬ್ಬಿ ತಗೊಂಡು ಬಾ ಎಂದು ಕರೆದಳು.